ಉಳಿದವರು ನಿಲ್ಲಿಸಿದ ಕಲ್ಲುಗಳು

ಶ್ರವಣಬೆಳಗೊಳಕ್ಕೆ ಹೋದವರಲ್ಲಿ ಹೆಚ್ಚಿನವರು ಒಂದೇ ಬೆಟ್ಟವನ್ನು ಹತ್ತಿ ಹಿಂತಿರುಗುತ್ತಾರೆ. ಅದು ಸಹಜವೂ ಹೌದು. 58 ಅಡಿಗಳ ಗೊಮ್ಮಟೇಶ್ವರನು ದೊಡ್ಡಬೆಟ್ಟದ ನೆತ್ತಿಯ ಮೇಲೆ ಸಾವಿರ ವರ್ಷಗಳಿಂದ ನಿಂತಿರುವಾಗ ಕಣ್ಣು ಬೇರೆಡೆಗೆ ಹೊರಳುವುದಾದರೂ ಎಂತು? ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಿ, ಆ ಶಾಂತಮುಖವನ್ನು ತಲೆಯೆತ್ತಿ ನೋಡಿ, ಕೆಳಗಿಳಿದು ಬಂದು ಎಳನೀರು ಕುಡಿದು, ಹಾಸನದ ಕಡೆಗೋ ಮೈಸೂರಿನ ಕಡೆಗೋ ಹೊರಟುಬಿಡುವುದು ವಾಡಿಕೆ. 2017ರಿಂದ ಬೆಂಗಳೂರು-ಹಾಸನ ರೈಲು ಈ ಊರಿನ ಮೇಲೆಯೇ ಹಾದುಹೋಗುತ್ತಿರುವುದರಿಂದ ಬೆಳಗಾಗುತ್ತಲೇ ಹೊರಟು ಕತ್ತಲಾಗುವ ವೇಳೆಗೆ ಮನೆ ಸೇರುವುದೂ ಸಾಧ್ಯವಾಗಿದೆ.

ಊರಿಗೆ ಹೆಸರನ್ನಿತ್ತದ್ದು ಎರಡು ಬೆಟ್ಟಗಳ ನಡುವೆ ಇರುವ ಬಿಳಿಯ ಕೊಳ. ಆ ಕೊಳದ ಇನ್ನೊಂದು ಬದಿಗೆ, ಅಣ್ಣನ ಎದುರಿಗೆ ಕುಳಿತ ತಮ್ಮನಂತೆ, ಚಿಕ್ಕಬೆಟ್ಟವಿದೆ. ಚಂದ್ರಗಿರಿಯೆಂಬುದು ಅದರ ಇನ್ನೊಂದು ಹೆಸರು. ಮೌರ್ಯ ಚಕ್ರವರ್ತಿ ಚಂದ್ರಗುಪ್ತನು ಗುರು ಭದ್ರಬಾಹುವಿನ ಸೇವೆ ಮಾಡುತ್ತ ಇಲ್ಲಿಯೇ ಕೊನೆಯುಸಿರೆಳೆದನೆಂಬುದು ಪರಂಪರೆಯ ನಂಬಿಕೆ. ಹಳೆಯ ಶಾಸನಗಳು ಇದನ್ನು ಕಟವಪ್ರವೆಂದೂ ಕಳ್ಬಪ್ಪು ಎಂದೂ ಕರೆಯುತ್ತವೆ. ಹತ್ತುವುದಕ್ಕೆ ಹೆಚ್ಚು ಶ್ರಮವಿಲ್ಲ. ಇನ್ನೂರಕ್ಕೆ ಹತ್ತಿರವಿರುವ ಮೆಟ್ಟಿಲುಗಳು, ಅಷ್ಟೆ. ಮೇಲೆ ಒಂದೇ ಪ್ರಾಕಾರದೊಳಗೆ ಒತ್ತೊತ್ತಾಗಿ ನಿಂತಿರುವ ಬಸದಿಗಳು, ಅವುಗಳ ನಡುನಡುವೆ ನಾಲ್ಕು ಕಂಬಗಳ ಸಣ್ಣ ಮಂಟಪಗಳು, ಕಾಲಡಿಯಲ್ಲಿ ಬಿಸಿಲಿಗೆ ಕಾದ ಹಾಸುಬಂಡೆ. ದೊಡ್ಡಬೆಟ್ಟದ ಮೇಲಿನ ಗದ್ದಲ ಇಲ್ಲಿಲ್ಲ. ಗಾಳಿಯ ಸದ್ದು, ಎಲ್ಲೋ ಒಂದು ಹಕ್ಕಿಯ ಕೂಗು, ಕೆಳಗಿನ ಊರಿನಿಂದ ತೇಲಿಬರುವ ಬಸ್ಸಿನ ಹಾರನ್ನು, ಉಳಿದಂತೆ ಮೌನ.

ಈ ಮೌನಕ್ಕೆ ಕಾರಣವಿದೆ. ದೊಡ್ಡಬೆಟ್ಟ ಒಬ್ಬನು ನಿಂತ ಬೆಟ್ಟ. ಚಿಕ್ಕಬೆಟ್ಟ ನೂರಾರು ಜನ ಹೋದ ಬೆಟ್ಟ. ಶ್ರವಣಬೆಳಗೊಳದ ಶಾಸನಗಳ 1973ರ ಪರಿಷ್ಕೃತ ಸಂಪುಟದಲ್ಲಿರುವ 573 ಶಾಸನಗಳ ಪೈಕಿ 271 ಈ ಚಿಕ್ಕ ಬೆಟ್ಟದ ಮೇಲೆಯೇ ಇವೆ; ದೊಡ್ಡಬೆಟ್ಟದ ಮೇಲಿರುವುವು 172; ಊರಿನಲ್ಲಿ 80, ಸುತ್ತಣ ಹಳ್ಳಿಗಳಲ್ಲಿ 50. ಚಿಕ್ಕಬೆಟ್ಟದ ಆ ಬರಹಗಳಲ್ಲಿ ಬಹಳಷ್ಟು ಮರಣವನ್ನು ಕುರಿತವು. ಕರ್ನಾಟಕದಲ್ಲಿ ಸಾವಿನ ಲೆಕ್ಕವನ್ನು ಇಷ್ಟು ಶ್ರದ್ಧೆಯಿಂದ, ಇಷ್ಟು ಶತಮಾನಗಳ ಕಾಲ ಬರೆದಿಟ್ಟ ಇನ್ನೊಂದು ಬಂಡೆಯನ್ನು ಕಾಣುವುದು ಕಷ್ಟ.

ಒಂದೇ ಕ್ರಿಯಾಪದ

ಪಾರ್ಶ್ವನಾಥ ಬಸದಿಯ ಸುತ್ತಿನ ಬಂಡೆಯ ಮೇಲೆ ಬಗ್ಗಿ ನೋಡಿದರೆ ಸವೆದ ಅಕ್ಷರಗಳು ಕಾಣಿಸುತ್ತವೆ. ಇಲ್ಲಿಯ ಅತ್ಯಂತ ಹಳೆಯ ಶಾಸನ ಸುಮಾರು 600ನೆಯ ಇಸವಿಯದು. ಪ್ರಭಾಚಂದ್ರನೆಂಬ ಆಚಾರ್ಯನು ತನ್ನ ಆಯುಷ್ಯ ಇನ್ನು ಸ್ವಲ್ಪವೇ ಎಂದರಿತು, ಸಂಘವನ್ನು ಮುಂದಕ್ಕೆ ಕಳುಹಿಸಿ, ಈ ಬೆಟ್ಟದಲ್ಲಿ ದೇಹವನ್ನು ಬಿಟ್ಟುದನ್ನೂ, ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅದೇ ದಾರಿಯನ್ನು ಹಿಡಿದುದನ್ನೂ ಅದು ಹೇಳುತ್ತದೆ. ಅದು ಸಂಸ್ಕೃತದಲ್ಲಿದೆ. ಅದರ ಆಚೀಚೆಗೆ, ಏಳನೆಯ ಎಂಟನೆಯ ಶತಮಾನಗಳ ಹಳಗನ್ನಡದಲ್ಲಿ, ಒಂದೆರಡು ಸಾಲುಗಳ ಪುಟ್ಟ ಪುಟ್ಟ ಬರಹಗಳು ಹರಡಿಕೊಂಡಿವೆ.

ಅವುಗಳಲ್ಲಿ ಅಲಂಕಾರ ಕಡಮೆ. ಇಂತಹ ನಾಡಿನ, ಇಂತಹ ಊರಿನ, ಇಂತಹ ಗುರುವಿನ ಶಿಷ್ಯ ಅಥವಾ ಶಿಷ್ಯೆ. ಇಷ್ಟು ದಿನ ವ್ರತ. ಆಮೇಲೆ ಒಂದು ಕ್ರಿಯಾಪದ. ಚಿತ್ತೂರಿನ ಮೌನಿಗುರುಗಳ ಶಿಷ್ಯೆ ನಾಗಮತಿ ಗಂತಿಯು ಮೂರು ತಿಂಗಳು ವ್ರತ ಹಿಡಿದಳು. ಉಗ್ರಸೇನ ಗುರುಗಳು ಒಂದು ತಿಂಗಳು. ಬಲದೇವ ಗುರುಗಳು, ಇನ್ನೂ ಎಷ್ಟೋ ಮಂದಿ. ಇವರು ರಾಜರಲ್ಲ, ಕವಿಗಳಲ್ಲ. ಈ ಒಂದು ಸಾಲಿಲ್ಲದಿದ್ದರೆ ಅವರು ಹುಟ್ಟಿದ್ದರೆಂಬುದಕ್ಕೂ ಲೋಕದಲ್ಲಿ ಸಾಕ್ಷಿಯಿರುತ್ತಿರಲಿಲ್ಲ.

ಆ ಕ್ರಿಯಾಪದ ‘ಮುಡಿಪಿದರ್’ ಎಂಬುದು. ಸತ್ತರು, ಮಡಿದರು, ಅಳಿದರು ಎಂದು ಈ ಬಂಡೆ ಹೇಳುವುದಿಲ್ಲ. ಮುಡಿಪುವುದೆಂದರೆ ಮುಗಿಸುವುದು, ಪೂರ್ಣಗೊಳಿಸುವುದು. ರೈತನು ಸಂಜೆಗೆ ನೇಗಿಲನ್ನು ತೊಳೆದಿಡುವಂತೆ, ನೇಯುವವನು ಕೊನೆಯ ಎಳೆಯನ್ನು ಹಾಯಿಸಿ ಸೀರೆಯನ್ನು ಮಗ್ಗದಿಂದ ಇಳಿಸುವಂತೆ, ಕೆಲಸವನ್ನು ಮುಗಿಸಿದರು ಎಂಬ ಭಾವ. ಇಂದಿನ ಕನ್ನಡಿಗರ ಕಿವಿಗೆ ಈ ಪದ ಬಿದ್ದರೆ ಥಟ್ಟನೆ ನೆನಪಾಗುವುದು ದೇವರ ಮುಂದೆ ಅರಿಶಿನದ ಬಟ್ಟೆಯಲ್ಲಿ ಕಟ್ಟಿಡುವ ಮುಡಿಪು. ಅಲ್ಲಿಯೂ ಒಂದು ಸಂಕಲ್ಪವಿದೆ, ಒಂದು ಒಪ್ಪಿಸುವಿಕೆಯಿದೆ. ಸಾವನ್ನು ಮನುಷ್ಯನ ಮೇಲೆ ಬಂದೆರಗುವ ವಿಪತ್ತೆನ್ನದೆ ಮನುಷ್ಯನು ಮಾಡಿ ಮುಗಿಸುವ ಕಾರ್ಯವೆಂದು ಕಂಡ ಕಾಲವೊಂದಿತ್ತೆಂಬುದಕ್ಕೆ ಈ ಒಂದು ಪದವೇ ಸಾಕ್ಷಿ.

ಕನ್ನಡ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತವಾದ ನಂದಿಸೇನ ಮುನಿಯ ಶಾಸನವೂ ಇದೇ ಬಂಡೆಯ ಮೇಲಿದೆ. ರೂಪ, ಭೋಗ, ಸಿರಿ ಇವೆಲ್ಲ ಕಾಮನಬಿಲ್ಲಿನಂತೆ, ಮಿಂಚಿನ ಬಳ್ಳಿಯಂತೆ, ಮಂಜಿನಂತೆ ಬೇಗನೆ ಕರಗಿಹೋಗುವುವು ಎಂದು ಬಗೆದು ಆತನು ಸಂನ್ಯಾಸವನ್ನು ಕೈಕೊಂಡನೆಂದು ಅದು ಸಾರುತ್ತದೆ. ಕನ್ನಡದ ಮೊದಲ ಕವಿತೆಗಳಲ್ಲಿ ಒಂದೆಂದು ಇದನ್ನು ವಿದ್ವಾಂಸರು ಎಣಿಸುತ್ತಾರೆ. ಕ್ಷಣಿಕತೆಯನ್ನು ಕುರಿತ ಪದ್ಯವು ಹದಿಮೂರು ನೂರು ವರ್ಷ ಉಳಿದುಬಂದಿರುವುದನ್ನು ನೋಡಿದರೆ ಕಾಲಪುರುಷನಿಗೂ ಒಂದಿಷ್ಟು ವಿನೋದಬುದ್ಧಿಯಿರಬೇಕೆನಿಸುತ್ತದೆ.

ಹೋಗುವವರ ನೇಮ

ಈ ಬೆಟ್ಟದ ಮರಣಗಳು ಅವಸರದವಲ್ಲ. ಜೈನಧರ್ಮದ ಸಲ್ಲೇಖನವ್ರತಕ್ಕೆ ಕಟ್ಟುನಿಟ್ಟಾದ ನಿಯಮಗಳುಂಟು. ಪರಿಹಾರವಿಲ್ಲದ ಉಪಸರ್ಗ, ಕ್ಷಾಮ, ಮುಪ್ಪು, ವಾಸಿಯಾಗದ ರೋಗ ಇವು ಒದಗಿದಾಗ ಮಾತ್ರ ಧರ್ಮರಕ್ಷಣೆಗಾಗಿ ದೇಹವನ್ನು ಬಿಡಬಹುದೆಂದು ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಹೇಳುತ್ತದೆ. ಗುರುವಿನ ಅಪ್ಪಣೆ ಬೇಕು. ಬಂಧುಗಳನ್ನೂ ಸೇವಕರನ್ನೂ ಕರೆದು, ಅವರ ತಪ್ಪುಗಳನ್ನು ಮನ್ನಿಸಿ, ತನ್ನ ತಪ್ಪುಗಳಿಗೆ ಕ್ಷಮೆ ಬೇಡಬೇಕು. ಆಮೇಲೆ ಗಟ್ಟಿಯಾದ ಆಹಾರವನ್ನು ಬಿಡುವುದು. ಹಾಲು ಮಜ್ಜಿಗೆಗಳಂತಹ ಪಾನೀಯಗಳಲ್ಲಿ ಕೆಲವು ದಿನ. ಅವನ್ನೂ ಬಿಟ್ಟು ಬಿಸಿನೀರು. ಕೊನೆಗೆ ಅದೂ ಇಲ್ಲ. ನಾಲಗೆಯ ಮೇಲೆ ಪಂಚನಮಸ್ಕಾರ ಮಂತ್ರವಷ್ಟೆ.

ಇದು ಆತ್ಮಹತ್ಯೆಯೇ, ಅಲ್ಲವೇ ಎಂಬ ಚರ್ಚೆ ಹಳೆಯದು. 2015ರ ಆಗಸ್ಟ್ ತಿಂಗಳಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಇದನ್ನು ಅಪರಾಧವೆಂದು ಪರಿಗಣಿಸಿ ತೀರ್ಪಿತ್ತಿತು. ಅದೇ ತಿಂಗಳಿನಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಕಾನೂನಿನ ಆ ವಾದವಿವಾದ ಹೇಗೇ ಇರಲಿ, ಚಿಕ್ಕಬೆಟ್ಟವನ್ನು ಅರಿಯಲು ನೆರವಾಗುವುದು ಶಾಸ್ತ್ರದ ಇನ್ನೊಂದು ಮಾತು.

ಸಲ್ಲೇಖನಕ್ಕೆ ಐದು ಅತಿಚಾರಗಳನ್ನು, ಎಂದರೆ ವ್ರತವನ್ನು ಕೆಡಿಸುವ ಐದು ದೋಷಗಳನ್ನು, ‘ತತ್ತ್ವಾರ್ಥಸೂತ್ರ’ವು ಎಣಿಸುತ್ತದೆ. ಇನ್ನೂ ಬದುಕಬೇಕೆಂಬ ಆಸೆ ಒಂದು. ಬೇಗ ಸಾಯಬೇಕೆಂಬ ಆಸೆ ಇನ್ನೊಂದು. ಅನುಭವಿಸಿದ ಸುಖಗಳ ನೆನಪು ಒಂದು; ಮುಂದಿನ ಜನ್ಮದಲ್ಲಿ ಸುಖ ಬೇಕೆಂಬ ಬಯಕೆ ಮತ್ತೊಂದು. ಉಳಿದ ಒಂದರ ಹೆಸರು ಮಿತ್ರಾನುರಾಗ. ಜೊತೆಯಲ್ಲಿ ಆಡಿ ಬೆಳೆದವರ, ಕಷ್ಟಕ್ಕೆ ಒದಗಿದವರ ಮೇಲಿನ ಪ್ರೀತಿ. ಅದೂ ದೋಷವೇ! ಹೊರಟು ನಿಂತವನು ಗೆಳೆಯನ ಮುಖವನ್ನು ನೆನೆದು ಒಂದು ಗಳಿಗೆ ತಡೆದರೆ ವ್ರತಕ್ಕೆ ಕುಂದು.

ಶಾಸ್ತ್ರಕಾರರು ಮನುಷ್ಯನ ಮನಸ್ಸನ್ನು ಬಲ್ಲವರು. ಅನ್ನವನ್ನು ಬಿಡುವುದು ಸುಲಭ, ಸ್ನೇಹವನ್ನು ಬಿಡುವುದು ಕಠಿನವೆಂಬುದನ್ನು ಅರಿತೇ ಅವರು ಈ ನಿಯಮವನ್ನು ಮಾಡಿರಬೇಕು. ಆದರೆ ಈ ನಿಯಮ ಹೋಗುವವರಿಗೆ ಮಾತ್ರ. ಉಳಿಯುವವರಿಗೆ ಅಂತಹ ನಿಯಮವನ್ನು ಯಾರೂ ವಿಧಿಸಲಿಲ್ಲ. ಹೋಗುವವರು ಎಲ್ಲರನ್ನೂ ಮರೆತು ಹೋದರು; ಉಳಿದವರು ಮರೆಯಲಾರದೆ ಕಲ್ಲು ನಿಲ್ಲಿಸಿದರು. ಈ ಕಲ್ಲುಗಳಿಗೆ ನಿಷಿಧಿಗಳೆಂದು ಹೆಸರು. ಅವುಗಳಲ್ಲಿ ಕೆತ್ತಿರುವುದು ಹೋದವರ ಹೆಸರಾದರೂ ಕೆತ್ತಿಸಿದ ಕೈ ಉಳಿದವರದು. ಈ ಬಗೆಯಿಂದ ನೋಡಿದರೆ ಚಿಕ್ಕಬೆಟ್ಟವು ಸತ್ತವರ ಬೆಟ್ಟವಾಗಿರುವಷ್ಟೇ ಬದುಕಿ ಉಳಿದವರ ಬೆಟ್ಟವೂ ಆಗಿದೆ.

ಸೋದರಮಾವ ಮತ್ತು ಅಳಿಯ

ಪ್ರಾಕಾರದ ದಕ್ಷಿಣದ ಬಾಗಿಲ ಬಳಿ ಕೂಗೆ ಬ್ರಹ್ಮದೇವರ ಕಂಬವೆಂಬ ಎತ್ತರವಾದ ಸ್ತಂಭವೊಂದಿದೆ. ಅದರ ಮೇಲಿನ ಬರಹ ಗಂಗದೊರೆ ಮಾರಸಿಂಹನನ್ನು ಕುರಿತದ್ದು. ರಾಷ್ಟ್ರಕೂಟ ಸಾಮ್ರಾಜ್ಯಕ್ಕಾಗಿ ಆತನು ಮಾಡಿದ ಯುದ್ಧಗಳಿಗೆ ಲೆಕ್ಕವಿಲ್ಲ. 973ರಲ್ಲಿ ಚಾಲುಕ್ಯ ತೈಲಪನು ಆ ಸಾಮ್ರಾಜ್ಯವನ್ನು ಮುರಿದಾಗ, ಅದನ್ನು ಮತ್ತೆ ಎತ್ತಿ ನಿಲ್ಲಿಸುವ ಆಸೆಯಿಂದ ಮಾರಸಿಂಹನು ತನ್ನ ಸೋದರಳಿಯನಾದ ನಾಲ್ಕನೆಯ ಇಂದ್ರನಿಗೆ ಪಟ್ಟ ಕಟ್ಟಿದನು. ಆಸೆ ಕೈಗೂಡಲಿಲ್ಲ. ಸ್ವಲ್ಪ ಕಾಲದಲ್ಲಿಯೇ ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಮೂರು ದಿನ ವ್ರತವಿದ್ದು ಮಾರಸಿಂಹನು ತೀರಿಕೊಂಡನು.

ಅಳಿಯ ಉಳಿದನು. ರಾಜ್ಯವಿಲ್ಲದ ರಾಜನಾಗಿ, ಬೆನ್ನಿಗಿದ್ದ ಸೋದರಮಾವನೂ ಇಲ್ಲದೆ, ಆತನು ಬದುಕಿದ್ದು ಇನ್ನೂ ಏಳೆಂಟು ವರ್ಷ. 982ರಲ್ಲಿ ಬೆಳಗೊಳಕ್ಕೆ ಬಂದು ಅವನೂ ಅದೇ ವ್ರತವನ್ನು ಹಿಡಿದು ಮುಡಿಪಿದನು. ಅವನ ಶಾಸನದಲ್ಲಿ ಒಂದು ವಿಚಿತ್ರವಿದೆ. ಸೋತ ಸಾಮ್ರಾಜ್ಯದ ಶೋಕವನ್ನು ನಿರೀಕ್ಷಿಸಿ ಓದುವವರಿಗೆ ಅಲ್ಲಿ ಎದುರಾಗುವುದು ಚೆಂಡಾಟದ ವರ್ಣನೆ! ಕುದುರೆಯ ಮೇಲೆ ಕುಳಿತು ಚೆಂಡನ್ನು ಹೊಡೆಯುವುದರಲ್ಲಿ ಇಂದ್ರನಿಗೆ ಸಮಾನರಿರಲಿಲ್ಲವೆಂದು ಶಾಸನಕಾರನು ಪದ್ಯದ ಮೇಲೆ ಪದ್ಯ ಹೊಸೆದಿದ್ದಾನೆ. ವಿಮರ್ಶಕರಿಗೆ ಇದು ಅನೌಚಿತ್ಯವಾಗಿ ಕಾಣಬಹುದು. ಆದರೆ ಸಾವಿನ ಮನೆಯಲ್ಲಿ ಕುಳಿತವರನ್ನು ಕೇಳಿ ನೋಡಿ: ಹನ್ನೊಂದನೆಯ ದಿನದ ಹೊತ್ತಿಗೆ ನೆನಪಾಗುವುದು ತೀರಿಕೊಂಡವರ ಹುದ್ದೆಯಲ್ಲ, ಸಂಬಳವಲ್ಲ. ಅವರು ಹೇಗೆ ಕೇರಂ ಆಡುತ್ತಿದ್ದರು, ಕಾಫಿಗೆ ಎಷ್ಟು ಸಕ್ಕರೆ ಕೇಳುತ್ತಿದ್ದರು, ಯಾವ ಹಾಡನ್ನು ಗುನುಗುತ್ತಿದ್ದರು ಎಂಬುದು. ಇಂದ್ರನ ಕಲ್ಲನ್ನು ಬರೆದವನಿಗೂ ಆ ಮನುಷ್ಯನು ಚೆಂಡಿನ ಹಿಂದೆ ಕುದುರೆಯನ್ನೋಡಿಸಿದ ಸಂಜೆಗಳೇ ಕಣ್ಣ ಮುಂದೆ ಬಂದಿರಬಾರದೇಕೆ?

ದಂಡನಾಯಕನ ಎಂಟು ವರ್ಷಗಳು

ಚಿಕ್ಕಬೆಟ್ಟದ ಮೇಲೆ ಅತಿ ಹೆಚ್ಚಾಗಿ ಕಲ್ಲು ನಿಲ್ಲಿಸಬೇಕಾಗಿ ಬಂದವರಲ್ಲಿ ಒಬ್ಬನೆಂದರೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜ. ಚೋಳರ ಕೈಯಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಇದ್ದ ತಲಕಾಡನ್ನು ಬಿಡಿಸಿ ತಂದವನು ಅವನು. ದೊಡ್ಡಬೆಟ್ಟದ ಗೊಮ್ಮಟನ ಸುತ್ತಿನ ಸುತ್ತಾಲಯವನ್ನು ಕಟ್ಟಿಸಿದವನೂ ಅವನೇ. ಗೊಮ್ಮಟನ ಪಾದದ ಬಳಿ ಅದನ್ನು ಹೇಳುವ ಬರಹವಿದೆ.

ಕಣ್ಣೇಗಾಲದಲ್ಲಿ ಚಾಲುಕ್ಯ ಚಕ್ರವರ್ತಿಯ ಸೇನೆ ಹನ್ನೆರಡು ಸಾಮಂತರೊಡನೆ ಬೀಡುಬಿಟ್ಟಿದ್ದಾಗ ಗಂಗರಾಜನು ರಾತ್ರಿಯ ವೇಳೆ ಮೇಲೆ ಬಿದ್ದು ಅದನ್ನು ಚೆದರಿಸಿದನು. ಸಂತೋಷಗೊಂಡ ವಿಷ್ಣುವರ್ಧನನು ಬೇಕಾದುದನ್ನು ಬೇಡೆಂದನು. ಗಂಗರಾಜನು ಬೇಡಿದ್ದು ಪರಮವೆಂಬ ಒಂದು ಹಳ್ಳಿ. ಅದನ್ನು ತನಗಾಗಿ ಇಟ್ಟುಕೊಳ್ಳದೆ, ತಾಯಿ ಪೋಚಿಕಬ್ಬೆಯೂ ಮಡದಿ ಲಕ್ಷ್ಮೀಮತಿಯೂ ಮಾಡಿಸಿದ ಜಿನಾಲಯಗಳಿಗೆ 1118ರಲ್ಲಿ ದತ್ತಿಯಾಗಿ ಬಿಟ್ಟನು. ತಾಯಿಗಾಗಿ ಆತನು ಮಾಡಿಸಿದ ಕತ್ತಲೆ ಬಸದಿ, ಮಡದಿ ಮಾಡಿಸಿದ ಎರಡುಕಟ್ಟೆ ಬಸದಿ, ತಾನೇ ಮಾಡಿಸಿದ ಶಾಸನ ಬಸದಿ, ಮೂರೂ ಈ ಬೆಟ್ಟದ ಮೇಲೆ ಈಗಲೂ ಇವೆ. ಗೆದ್ದು ಬಂದ ಮಗ, ದೇವಾಲಯ ಕಟ್ಟಿಸುವ ಸೊಸೆ, ಅದನ್ನು ಕಣ್ಣಾರೆ ಕಂಡ ತಾಯಿ. ತುಂಬಿದ ಮನೆಯೆಂದರೆ ಇದೇ ಅಲ್ಲವೆ?

ಆದರೆ ಬಸದಿಗಳ ನಡುವಿನ ಮಂಟಪಗಳ ಕಂಬಗಳನ್ನು ಓದುತ್ತ ಹೋದಂತೆ ಅದೇ ಮನೆಯ ಇನ್ನೊಂದು ಚರಿತ್ರೆ ಕಾಣಿಸುತ್ತದೆ. 1115ರಲ್ಲಿ ಮೇಘಚಂದ್ರ ತ್ರೈವಿದ್ಯರೆಂಬ ಗುರುಗಳು ತೀರಿಕೊಂಡರು. ಗಂಗರಾಜನೂ ಲಕ್ಷ್ಮೀಮತಿಯೂ ಸೇರಿ ಅವರ ನಿಷಿಧಿಯನ್ನು ಮಾಡಿಸಿದರು. ಅದೇ ಕಾಲದ ಆಸುಪಾಸಿನಲ್ಲಿ ಲಕ್ಷ್ಮೀಮತಿಯ ಸೋದರ ಬೂಚಣನು ಹೋದನು. 1120ರ ಸುಮಾರಿಗೆ ಆಕೆಯ ಸೋದರಿ ದೇಮತಿ ಹೋದಳು. ಸರಿಸುಮಾರು ಅದೇ ಹೊತ್ತಿಗೆ ತಾಯಿ ಪೋಚಿಕಬ್ಬೆ. 1121ರಲ್ಲಿ ಲಕ್ಷ್ಮೀಮತಿ. 1123ರಲ್ಲಿ ಮನೆಯವರೆಲ್ಲರಿಗೂ ಗುರುವಾಗಿದ್ದ ಶುಭಚಂದ್ರ ಸಿದ್ಧಾಂತದೇವ. ಎಂಟು ವರ್ಷಗಳಲ್ಲಿ ಆರು ಕಲ್ಲು.

ಲಕ್ಷ್ಮೀಮತಿಯ ಕಲ್ಲು ಆಕೆಯನ್ನು ಹೊಗಳುವಾಗ ಅನ್ನ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಹೇಳುತ್ತದೆ. ಗಂಗರಾಜನ ಬಿರುದುಗಳೂ ಸಾಲುಸಾಲಾಗಿ ಬರುತ್ತವೆ: ಸಮಧಿಗತ ಪಂಚಮಹಾಶಬ್ದ, ಮಹಾಸಾಮಂತಾಧಿಪತಿ, ಮಹಾಪ್ರಚಂಡ ದಂಡನಾಯಕ. ಈ ಬಿರುದುಗಳನ್ನು ಓದುವಾಗ ಒಂದು ಯೋಚನೆ ಹುಟ್ಟದಿರದು. ಇಷ್ಟೊಂದು ಬಿರುದುಗಳಿದ್ದವನನ್ನು ಬರಿಯ ಹೆಸರು ಹಿಡಿದು ಕರೆಯುವವರು ಯಾರಿದ್ದಾರು? ತಾಯಿ ಕರೆದಿರಬಹುದು, ಗುರು ಕರೆದಿರಬಹುದು. ಇಬ್ಬರೂ ಹೋದ ಮೇಲೆ?

ಮನುಷ್ಯನಿಗೆ ವಯಸ್ಸಾಯಿತೆಂಬುದನ್ನು ಕನ್ನಡಿಗಿಂತ ಮೊದಲು ತಿಳಿಸುವುದು ಸರ್ವನಾಮ. ಚಿಕ್ಕಂದಿನಲ್ಲಿ ಸುತ್ತಲೂ ‘ನೀನು’ ಎನ್ನುವವರೇ. ಅಜ್ಜ, ಅಜ್ಜಿ, ಸೋದರತ್ತೆ, ಪಕ್ಕದ ಮನೆಯ ಅಜ್ಜಿ, ಶಾಲೆಯ ಮೇಷ್ಟ್ರು, ಎಲ್ಲರ ಬಾಯಲ್ಲಿಯೂ ಏಕವಚನ. ಉದ್ಯೋಗ ಸಿಕ್ಕಿ, ಮದುವೆಯಾಗಿ, ಊರು ಬಿಟ್ಟು ಊರಿಗೆ ಬಂದಂತೆ ‘ನೀವು’ ಎನ್ನುವವರು ಹೆಚ್ಚುತ್ತಾರೆ. ಅದು ಗೌರವವೆಂದು ಮನಸ್ಸು ಹಿಗ್ಗುತ್ತದೆ. ಅತ್ತ ಒಬ್ಬೊಬ್ಬರೇ ಏಕವಚನದವರು ಹೊರಟುಹೋಗುತ್ತಿರುವುದು ಗಮನಕ್ಕೆ ಬರುವುದಿಲ್ಲ. ಒಂದು ದಿನ ತಾಯಿಯೋ ಹಿರಿಯಕ್ಕನೋ ಹಳೆಯ ಸಹಪಾಠಿಯೋ ಹೋದ ಸುದ್ದಿ ಬಂದಾಗ, ‘ಏನೋ, ಯಾವಾಗ ಬಂದೆ? ಊಟ ಆಯ್ತೇನೋ?’ ಎಂದು ಕೇಳುವವರು ಇನ್ನು ಯಾರೂ ಇಲ್ಲವೆಂಬುದು ಥಟ್ಟನೆ ಅರಿವಾಗುತ್ತದೆ. ತನ್ನ ಬಾಲ್ಯವನ್ನು ಕಂಡವರು ಇಲ್ಲವಾದ ಮೇಲೆ ಆ ಬಾಲ್ಯ ನಡೆದದ್ದಕ್ಕೆ ಸಾಕ್ಷಿಯೇ ಇಲ್ಲ. ಸತ್ತವರು ತಾವು ಮಾತ್ರ ಹೋಗುವುದಿಲ್ಲ. ತಮಗೆ ಗೊತ್ತಿದ್ದ ಆ ಚಿಕ್ಕ ಹುಡುಗನನ್ನೂ, ಆ ಚಿಕ್ಕ ಹುಡುಗಿಯನ್ನೂ ಜೊತೆಗೆ ಕರೆದೊಯ್ಯುತ್ತಾರೆ.

1123ರ ಗಂಗರಾಜನ ಸ್ಥಿತಿ ಇದೇ ಆಗಿದ್ದಿರಬಹುದು. ಶಾಸನಗಳು ಅವನ ಕಣ್ಣೀರನ್ನು ಹೇಳುವುದಿಲ್ಲ. ಅದು ಅವುಗಳ ರೀತಿಯಲ್ಲ. ಮಾಡಿಸಿದನು, ನಿಲ್ಲಿಸಿದನು ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ಮತ್ತೆ ಮತ್ತೆ ಬರುವ ಆ ಒಂದು ಕ್ರಿಯಾಪದದಲ್ಲಿಯೇ ಉಳಿದುದನ್ನೆಲ್ಲ ಓದಿಕೊಳ್ಳಬೇಕು.

ತಾಯಿಯೊಬ್ಬಳ ಮಾತು

ಗಂಗರಾಜನು ಗುರುವಿಗೆ ಕಲ್ಲು ನಿಲ್ಲಿಸಿದ ಅದೇ 1123ರಲ್ಲಿ ವಿಷ್ಣುವರ್ಧನನ ರಾಣಿ ಶಾಂತಲದೇವಿಯು ಈ ಬೆಟ್ಟದ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ನೃತ್ಯಗೀತಗಳಲ್ಲಿ ಆಕೆಯ ಪ್ರಾವೀಣ್ಯವನ್ನು ಕನ್ನಡ ನಾಡು ಇನ್ನೂ ಮರೆತಿಲ್ಲ. ಎಂಟು ವರ್ಷಗಳ ಬಳಿಕ, 1131ರಲ್ಲಿ, ಶಿವಗಂಗೆಯಲ್ಲಿ ಆಕೆ ತೀರಿಕೊಂಡಳು.

ಮಕ್ಕಳಿಗೆ ತಂದೆತಾಯಿಗಳ ಸಾವು ದುಃಖವನ್ನು ತರುತ್ತದೆ. ಆದರೆ ಅದರಲ್ಲಿ ಒಂದು ಕ್ರಮವಿದೆ. ತಾಯಿಗೆ ಮಗಳ ಸಾವು ಬಂದರೆ ಆ ಕ್ರಮವೇ ತಲೆಕೆಳಗಾಯಿತೆಂದಲ್ಲವೆ? ಶಾಂತಲೆಯ ತಾಯಿ ಮಾಚಿಕಬ್ಬೆ ಆಗ ಬದುಕಿದ್ದಳು. ಮಗಳು ಸ್ವರ್ಗಕ್ಕೆ ಹೋದ ಮೇಲೆ ತಾನು ಇಲ್ಲಿ ಉಳಿಯಲಾರೆನೆಂದು ಆಕೆ ಬೆಳಗೊಳಕ್ಕೆ ಬಂದು, ಗುರುಗಳ ಸನ್ನಿಧಿಯಲ್ಲಿ ವ್ರತ ಹಿಡಿದು, ಅರೆಮುಚ್ಚಿದ ಕಣ್ಣುಗಳಿಂದ ಪಂಚಪದಗಳನ್ನು ಉಚ್ಚರಿಸುತ್ತ, ಒಂದು ತಿಂಗಳು ನಿರಾಹಾರಳಾಗಿದ್ದು ಮುಡಿಪಿದಳೆಂದು ಶಾಸನ ತಿಳಿಸುತ್ತದೆ.

ಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇಲ್ಲಿ ಒಂದು ತೊಡಕಿದೆ. ಮರಣದ ಆಸೆಯೂ ದೋಷ, ಅನುರಾಗವೂ ದೋಷವೆಂಬ ನಿಯಮದೆದುರು ಮಾಚಿಕಬ್ಬೆಯ ಮಾತನ್ನು ಹೇಗೆ ಇರಿಸುವುದು? ಉಳಿಯಲಾರೆನೆಂಬುದು ವೈರಾಗ್ಯದ ಮಾತೇ, ವಾತ್ಸಲ್ಯದ ಮಾತೇ? ಶಾಸನವನ್ನು ಬರೆದವನಿಗೆ ಶಾಸ್ತ್ರ ತಿಳಿಯದಿರಲಿಲ್ಲ. ವ್ರತದ ವಿಧಿಗಳನ್ನೆಲ್ಲ ಅವನು ಒಂದೂ ಬಿಡದೆ ಹೇಳಿದ್ದಾನೆ. ಆದರೂ ಆ ತಾಯಿಯ ಮಾತನ್ನು ಅಳಿಸಿಹಾಕಲಿಲ್ಲ. ವ್ರತವೂ ಇರಲಿ, ತಾಯ್ತನವೂ ಇರಲಿ ಎಂದು ಎರಡನ್ನೂ ಒಂದೇ ಕಲ್ಲಿನ ಮೇಲೆ ಕೆತ್ತಿಸಿಬಿಟ್ಟನು. ಗುರುಗಳೂ ಅದನ್ನು ಒಪ್ಪಿದ್ದಿರಬೇಕು. ಇಲ್ಲವಾದರೆ ಅದು ಬೆಟ್ಟದ ಮೇಲೆ ನಿಲ್ಲುತ್ತಿರಲಿಲ್ಲ. ನಿಯಮ ನಿಷ್ಠುರವಾದರೂ ಅದನ್ನು ಕಾಯ್ದವರು ನಿಷ್ಠುರರಾಗಿರಲಿಲ್ಲವೆಂದು ತಿಳಿದರೆ ತಪ್ಪಾಗಲಾರದು.

ಕಲ್ಲು ನಿಲ್ಲಿಸಿದವನಿಗೆ ಕಲ್ಲು

ಅಷ್ಟು ಜನರನ್ನು ಕಳುಹಿಸಿಕೊಟ್ಟ ಗಂಗರಾಜನ ಗತಿಯೇನಾಯಿತೆಂದು ತಿಳಿಯಬೇಕಾದರೆ ಚಿಕ್ಕಬೆಟ್ಟವನ್ನಿಳಿದು ಹೊಯ್ಸಳರ ರಾಜಧಾನಿಯಾಗಿದ್ದ ಹಳೇಬೀಡಿಗೆ ಹೋಗಬೇಕು. ಮೋಟಾರಿನಲ್ಲಿ ಒಂದೆರಡು ಗಂಟೆಗಳ ಹಾದಿ. ಹೊಯ್ಸಳೇಶ್ವರ ದೇವಾಲಯದಿಂದ ಸ್ವಲ್ಪ ದೂರದಲ್ಲಿ, ಜನ ಹೆಚ್ಚು ಸುಳಿಯದ ಆವರಣದಲ್ಲಿ, ಕನ್ನಡಿಯಂತೆ ಹೊಳೆಯುವ ಕಂಬಗಳಿಂದ ಹೆಸರಾದ ಪಾರ್ಶ್ವನಾಥ ಬಸದಿಯಿದೆ. ಕಂಬದಲ್ಲಿ ತಮ್ಮ ಪ್ರತಿಬಿಂಬವನ್ನು ನೋಡಿ ಮಕ್ಕಳು ಕೇಕೆ ಹಾಕುತ್ತಾರೆ. ಇದು ಒಬ್ಬ ಮಗನು ತಂದೆಯ ನೆನಪಿಗಾಗಿ ಕಟ್ಟಿಸಿದ ಬಸದಿಯೆಂಬುದನ್ನು ತಿಳಿದವರು ಕಡಮೆ. 1133ರಲ್ಲಿ ಗಂಗರಾಜನು ತೀರಿಕೊಂಡಾಗ ಅವನ ಮಗ ಬೊಪ್ಪನು ಇದನ್ನು ಮಾಡಿಸಿದನು.

ಇದರ ಪ್ರತಿಷ್ಠೆಯ ಪ್ರಸಾದವನ್ನು ಹಿಡಿದು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದರು. ದೊರೆ ಆಗ ತಾನೇ ಶತ್ರುವನ್ನು ಗೆದ್ದಿದ್ದನು. ಅದೇ ಹೊತ್ತಿಗೆ ಅರಮನೆಯಲ್ಲಿ ಗಂಡುಮಗು ಹುಟ್ಟಿದ ಸುದ್ದಿಯೂ ಬಂದಿತ್ತು. ಸಂತೋಷದಿಂದ ಎದ್ದು ಪ್ರಸಾದವನ್ನು ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಅಲ್ಲಿಯ ಶಾಸನ ಹೇಳುತ್ತದೆ. ಹಳೆಯ ದಂಡನಾಯಕನ ಸಾವಿನ ನೆನಪೂ ಹೊಸ ರಾಜಕುಮಾರನ ಹುಟ್ಟಿನ ಹಿಗ್ಗೂ ಒಂದೇ ದಿನ ಒಂದೇ ಬಾಗಿಲಿಗೆ ಬಂದವು. ಮದುವೆಯ ಮನೆಗೂ ಸೂತಕದ ಮನೆಗೂ ನಡುವೆ ಒಂದೇ ಗೋಡೆಯಿರುವುದನ್ನು ಕಂಡ ಸಂಸಾರಿಗಳಿಗೆ ಇದು ಆಶ್ಚರ್ಯವೆನಿಸದು.

ಎರಡು ವರ್ಷಗಳು ಕಳೆದವು. 1135ರ ಸುಮಾರಿಗೆ ಗಂಗರಾಜನ ಅಣ್ಣನ ಮಗ ಏಚಿರಾಜನು ತೀರಿಕೊಂಡನು. ಈ ಸಲ ಕಲ್ಲು ನಿಲ್ಲಿಸಲು ಗಂಗರಾಜನಿರಲಿಲ್ಲ. ಬೊಪ್ಪನು ಮುಂದೆ ಬಂದು ಆ ಕಾರ್ಯವನ್ನು ಮಾಡಿದನು. ಮನೆಯ ಹಿರಿತನವೆಂಬುದು ಹೀಗೆ ಬರುತ್ತದೆ. ಅದಕ್ಕೆ ಪಟ್ಟಾಭಿಷೇಕವಿಲ್ಲ, ಮುಹೂರ್ತವಿಲ್ಲ. ಸಾವಿನ ಸುದ್ದಿ ಬಂದಾಗ ಎಲ್ಲರೂ ಯಾರ ಮುಖವನ್ನು ನೋಡುತ್ತಾರೋ ಅವನೇ ಹಿರಿಯ. ನಿನ್ನೆಯವರೆಗೆ ಬೇರೊಬ್ಬರ ಮುಖವನ್ನು ನೋಡುತ್ತಿದ್ದವನು ಇಂದು ತಿರುಗಿ ನೋಡಿದರೆ ಬೆನ್ನ ಹಿಂದೆ ಯಾರೂ ಇಲ್ಲ.

ಓದಿದವರೂ ಹೋದರು

ಈ ಕಲ್ಲುಗಳು ಬಹುಕಾಲ ಓದುವವರಿಲ್ಲದೆ ಇದ್ದವು. 1889ರಲ್ಲಿ ಬಿ. ಎಲ್. ರೈಸರು ಬೆಳಗೊಳದ ಶಾಸನಗಳನ್ನು ಮೊದಲ ಬಾರಿಗೆ ಸಂಪುಟವಾಗಿ ಹೊರತಂದರು. 1923ರಲ್ಲಿ ಆರ್. ನರಸಿಂಹಾಚಾರ್ಯರು ಬೆಟ್ಟವನ್ನು ಮತ್ತೆ ಶೋಧಿಸಿ, ಇನ್ನೂರಕ್ಕಿಂತ ಕಡಮೆಯಿದ್ದ ಸಂಖ್ಯೆಯನ್ನು ಐನೂರಕ್ಕೆ ಏರಿಸಿದರು. ಸಲ್ಲೇಖನವನ್ನು ಕುರಿತು ಷ. ಶೆಟ್ಟರ್ ಎರಡು ದೊಡ್ಡ ಗ್ರಂಥಗಳನ್ನು ಬರೆದರು. ರೈಸರು 1927ರಲ್ಲಿ, ನರಸಿಂಹಾಚಾರ್ಯರು 1936ರಲ್ಲಿ, ಶೆಟ್ಟರ್ 2020ರಲ್ಲಿ ತೀರಿಕೊಂಡರು. ಸತ್ತವರ ಹೆಸರನ್ನು ಬಂಡೆಯಿಂದ ಎತ್ತಿ ಕಾಗದಕ್ಕೆ ತಂದವರೂ ಒಬ್ಬರ ಹಿಂದೊಬ್ಬರಾಗಿ ಹೋದರು. ಅವರು ಓದಿದುದರಿಂದಲೇ ಇಂದು ನಾಗಮತಿ ಗಂತಿಯ ಮೂರು ತಿಂಗಳು ಲೋಕಕ್ಕೆ ಗೊತ್ತು.

ಪಟ್ಟಣದ ಮನೆಗಳಲ್ಲಿ ಈಗ ಕಲ್ಲು ನಿಲ್ಲಿಸುವ ಪದ್ಧತಿಯಿಲ್ಲ. ಗೋಡೆಯ ಮೇಲೆ ಗಂಧದ ಹಾರ ಹಾಕಿದ ಭಾವಚಿತ್ರ, ಪತ್ರಿಕೆಯಲ್ಲಿ ವರ್ಷಕ್ಕೊಮ್ಮೆ ಶ್ರದ್ಧಾಂಜಲಿ, ಫೋನಿನಲ್ಲಿ ಅಳಿಸಲು ಮನಸ್ಸು ಬಾರದ ಒಂದು ನಂಬರು. ಇವೇ ಇಂದಿನ ನಿಷಿಧಿಗಳು. ಇವೂ ಸಾಕು. ಹೋದವರಿಗೆ ಕಲ್ಲಿನ ಅಗತ್ಯವಿಲ್ಲವೆಂಬುದನ್ನು ಶಾಸ್ತ್ರವೇ ಹೇಳಿದೆ. ಅಗತ್ಯವಿರುವುದು ಉಳಿದವರಿಗೆ. ಅವರು ಏನನ್ನಾದರೂ ಮಾಡಬೇಕು: ಒಂದು ದತ್ತಿ, ಒಂದು ಊಟ, ಒಂದು ಹೆಸರನ್ನು ಮೊಮ್ಮಗುವಿಗೆ ಇಡುವುದು, ಒಂದು ಕಥೆಯನ್ನು ಮಕ್ಕಳಿಗೆ ಹೇಳುವುದು. ಗಂಗರಾಜನು ಯುದ್ಧಗಳ ನಡುವೆ ಬಿಡುವು ಮಾಡಿಕೊಂಡು ಮಾಡಿದ್ದು ಅದನ್ನೇ.

ಗೊಮ್ಮಟನ ದರ್ಶನಕ್ಕೆ ಹೋಗುವವರು ಸಂಜೆಯ ಒಂದು ಗಂಟೆಯನ್ನು ಚಿಕ್ಕಬೆಟ್ಟಕ್ಕೆಂದು ಉಳಿಸಿಕೊಳ್ಳಬೇಕು. ಬಿಸಿಲು ಇಳಿಯುವಾಗ ಓರೆಯಾಗಿ ಬೀಳುವ ಬೆಳಕಿನಲ್ಲಿ ಬಂಡೆಯ ಅಕ್ಷರಗಳು ಮಧ್ಯಾಹ್ನಕ್ಕಿಂತ ಚೆನ್ನಾಗಿ ಕಾಣುತ್ತವೆ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಜೊತೆಯಲ್ಲಿ ಕರೆದೊಯ್ಯಬಹುದು. ಮೆಟ್ಟಿಲುಗಳು ಕೆಲವೇ, ನಡುವೆ ಕುಳಿತು ದಣಿವಾರಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ‘ನಿಧಾನವಾಗಿ ಹತ್ತೋ, ಜಾರೀತು’ ಎಂದು ನರೆತ ತಲೆಯ ಮಗನನ್ನು ಏಕವಚನದಲ್ಲಿ ಎಚ್ಚರಿಸುವ ಒಂದು ದನಿ ಜೊತೆಗಿರುವಾಗಲೇ ಆ ಬೆಟ್ಟವನ್ನು ಹತ್ತಿ ಬರುವುದು ಒಳ್ಳೆಯದು.